ಟೈಪಿಂಗ್ ಟೀಚರ ಬಲಗೈ

ಸೆಪ್ಟೆಂಬರ್ ೨೨, ೨೦೦೩, ಸೋಮವಾರ

ದಿನಕ್ಕೆ ನಾಲ್ಕು ಸಾಲು ಬಲಗೈಯಲ್ಲೇ ಬರೆಯಬೇಕಂತೆ. ತಂಜಾವೂರಿನ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಆರೋಗ್ಯಸಾಮಿಯ ಅಪ್ಪಣೆ. ಯಾರೂ ಓದುವುದಿಲ್ಲ, ಏನು ಬೇಕಾದರೂ ಬರೆಯಿರಿ ಅಂದ. ಇದು ನಾಲ್ಕನೆಯದು.

ಸೆಪ್ಟೆಂಬರ್ ೨೩

ನಿನ್ನೆಯದನ್ನು ನೋಡಿದೆ. ಒಂದು ಅಕ್ಷರ ಆನೆ, ಪಕ್ಕದ್ದು ಇರುವೆ. ಗೆರೆ ಒಂದು ಕಡೆ, ಬರಹ ಇನ್ನೊಂದು ಕಡೆ. ಮೂವತ್ತೆರಡು ವರ್ಷ ಟೈಪಿಂಗ್ ಕಲಿಸಿದ ಕೈ ಇದು.

ಸೆಪ್ಟೆಂಬರ್ ೨೭

ಇವತ್ತು ಕೈಗೆ ನಡುನಡುವೆ ವಿರಾಮ ಕೊಟ್ಟು ಬೆಳಗಿನಿಂದ ಬರೆಯುತ್ತಿದ್ದೇನೆ. ಬೇರೆ ಕೆಲಸವೇನಿದೆ.

ಸೆಪ್ಟೆಂಬರ್ ಒಂದರಂದು ಬೆಳಗಿನ ಎಂಟರ ಬ್ಯಾಚು ನಡೆಯುತ್ತಿತ್ತು. ಹನ್ನೊಂದು ಮೆಷಿನ್‌ಗಳೂ ಒಟ್ಟಿಗೆ ಸದ್ದು ಮಾಡುತ್ತಿದ್ದವು. ನಾಲ್ಕನೇ ಮೆಷಿನ್ನಿನ ಮುಂದೆ ಕೂತಿದ್ದ ಹುಡುಗಿಗೆ ಬೆನ್ನು ನೆಟ್ಟಗಿರಲಿ ಅಂದೆ. ಅನ್ನುತ್ತಿದ್ದಂತೆ ನನ್ನ ಬೆನ್ನೇ ವಾಲಿತು. ಗೋಡೆ ಬಲಕ್ಕೆ ಸುತ್ತತೊಡಗಿತು. ಕುರ್ಚಿ ಹಿಡಿಯಲು ಕೈ ಚಾಚಿದರೆ ಕೈ ಕುರ್ಚಿಯನ್ನು ದಾಟಿ ಮುಂದೆ ಹೋಯಿತು. ನೆಲದ ಮೇಲೆ ಕೂತು ವಾಂತಿ ಮಾಡಿಕೊಂಡೆ.

ಹಿಂದಿನ ದಿನದ ಮಜ್ಜಿಗೆಹುಳಿ ಕೆಟ್ಟಿರಬೇಕೆಂದು ನಾನೇ ಸಾಧಿಸಿದೆ. ಇವರು ಆಸ್ಪತ್ರೆಗೆ ಹೋಗೋಣವೆಂದರೆ, ಜೀರಿಗೆ ಕಷಾಯ ಕಾಸಿ ಕೊಡಿ ಸಾಕು ಎಂದು ಗದರಿದೆ. ಸಂಜೆ ನನ್ನ ಮಾತು ತೊದಲಿದ ಮೇಲೆ ಇವರು ನನ್ನನ್ನು ಕೇಳುವುದನ್ನೇ ಬಿಟ್ಟು ಎದುರುಮನೆಯವರ ಕಾರಿಗೆ ಹೇಳಿದರು. ಮದುವೆಯಾದಂದಿನಿಂದ ನನ್ನ ಮಾತು ಮೀರಿದ್ದು ಅದೊಂದೇ ಸಲ. ಮೆದುಳಿನ ಹಿಂಭಾಗದ ರಕ್ತನಾಳವೊಂದು ಕಟ್ಟಿಕೊಂಡಿತ್ತಂತೆ. ಹದಿಮೂರು ದಿನ ಅಲ್ಲಿದ್ದೆವು.

ಸೆಪ್ಟೆಂಬರ್ ೩೦

ಅಡುಗೆ ಇವರದ್ದೇ. ಸಾರಿಗೆ ಉಪ್ಪಿಲ್ಲ. ಟವೆಲನ್ನು ಮೂರು ಮಡಿಕೆ ಮಾಡುವ ಬದಲು ಎರಡು ಮಾಡಿಟ್ಟಿದ್ದಾರೆ. ಹಾಲು ಉಕ್ಕಿಸಿದರು. ಮೂವತ್ತೊಂದು ವರ್ಷ ಬಸ್ ಕಂಡಕ್ಟರಾಗಿದ್ದವರಿಗೆ ಒಲೆಯ ಮೇಲೊಂದು ಕಣ್ಣಿಡಲು ಬರುವುದಿಲ್ಲ. ಬೈಯಲು ಹೋದರೆ ಮಾತು ಕುಡಿದವರ ಹಾಗೆ ತುಂಡು ತುಂಡಾಗಿ ಬರುತ್ತದೆ. ಒಂದು ವಾಕ್ಯ ಬೈದು ಮುಗಿಸುವಷ್ಟರಲ್ಲಿ ಇವರು ಎರಡು ಪಾತ್ರೆ ತೊಳೆದಿರುತ್ತಾರೆ.

“ಇಷ್ಟು ವರ್ಷಕ್ಕೆ ಈಗ ನಿಧಾನಕ್ಕೆ ಬೈತಿದೀಯ ತಿಲಕಂ. ಒಂದೊಂದು ಪದಾನೂ ಅರ್ಥ ಆಗ್ತಿದೆ” ಅಂದರು.

ಅಕ್ಟೋಬರ್ ೪, ಆಯುಧಪೂಜೆ

ಇನ್‌ಸ್ಟಿಟ್ಯೂಟ್ ನಮ್ಮ ಮನೆಯ ಮುಂದಿನ ಹಾಲಿನಲ್ಲೇ ಇದೆ, ಆದರೂ ಒಂದು ತಿಂಗಳಿಂದ ಅಲ್ಲಿಗೆ ಕಾಲಿಟ್ಟಿಲ್ಲ. ಪೂಜೆಗೆಂದು ಇವರು ಬಾಗಿಲು ತೆಗೆದರು. ನನ್ನನ್ನು ಹಿಡಿದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದಾಗ ನೋಡುತ್ತೇನೆ, ಹನ್ನೊಂದು ಮೆಷಿನ್‌ಗಳೂ ಎಣ್ಣೆ ಕಂಡು ಹೊಳೆಯುತ್ತಿವೆ. ಅಕ್ಷರದ ಅಚ್ಚುಗಳ ಸಂದಿಯಲ್ಲೂ ಧೂಳಿಲ್ಲ. ಒರೆಸುತ್ತಿದ್ದವಳು ಸೆಲ್ವಮತಿ.

ಅವಳೇಕೆ ಬಂದಿದ್ದಾಳೆಂದು ನನಗೆ ಗೊತ್ತು. ನಾನು ಹೇಗಾಗಿದ್ದೇನೆಂದು ನೋಡಲು ಬಂದಿದ್ದಾಳೆ.

ಅವಳ ಗಂಡ ನೀಡಾಮಂಗಲದ ತಾಲೂಕು ಕಚೇರಿಯಲ್ಲಿದ್ದ, ತೀರಿಹೋದ. ಆ ಮೇಲೆ ಅನುಕಂಪದ ಆಧಾರದ ಮೇಲೆ ಇವಳಿಗೆ ಅಲ್ಲೇ ಟೈಪಿಸ್ಟ್ ಕೆಲಸ ಕೊಟ್ಟರು. ಆದರೆ ಟೈಪಿಂಗಿನ ಮೊದಲ ಹಂತದ ಲೋವರ್ ಪರೀಕ್ಷೆ ಪಾಸಾಗಬೇಕೆಂಬ ಷರತ್ತು. ಎರಡು ಸಲ ಫೇಲಾದಳು. ಮೂವತ್ತಾರು ವಯಸ್ಸು, ಇಬ್ಬರು ಹೆಣ್ಣುಮಕ್ಕಳು. ಬರುವ ಫೆಬ್ರವರಿಯ ಪರೀಕ್ಷೆಯೇ ಕೊನೆಯ ಗಡುವು. ಜುಲೈಯಲ್ಲಿ ಅವಳ ಒಂದು ಪುಟದಲ್ಲಿ ನಲವತ್ತೊಂದು ತಪ್ಪು ಎಣಿಸಿದೆ. ಪುಟವನ್ನು ಎತ್ತಿ ಹಿಡಿದು, ಇಡೀ ಬ್ಯಾಚಿನ ಮುಂದೆ, “ಈ ಬೆರಳು ಟೈಪಿಂಗಿಗೆ ಹುಟ್ಟಿದ್ದಲ್ಲಮ್ಮ. ಬೇರೆ ದಾರಿ ನೋಡ್ಕೋ” ಅಂದೆ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದೆ. ಸತ್ಯವನ್ನೇ ಹೇಳಿದ್ದೆ. ಸುಳ್ಳು ಆಸೆ ಹುಟ್ಟಿಸುವುದು ನನ್ನ ಅಭ್ಯಾಸವಲ್ಲ.

ಇವತ್ತು ಅವಳು ನನ್ನ ಕೈಯನ್ನೊಮ್ಮೆ ನೋಡಿದಳು. ಮೆಷಿನ್‌ಗಳಿಗೆ ಗಂಧ ಹಚ್ಚಲು ಹೋಗಿ ಗೋಡೆಗೆ ಹಚ್ಚುತ್ತಿದ್ದೆ. ಅವಳು ನನ್ನ ಮಣಿಕಟ್ಟನ್ನು ಕೆಳಗಿನಿಂದ ಹಿಡಿದಳು, ಹನ್ನೊಂದಕ್ಕೂ ಹಚ್ಚಿಸಿದಳು.

ಅಕ್ಟೋಬರ್ ೯

ನಿಂತರೆ ನೆಲ ತೂಗುತ್ತದೆ. ಇವರು ಅದಕ್ಕೊಂದು ಪಾಠ ಶುರುಮಾಡಿದ್ದಾರೆ.

“ನೀನು ನಿಂತಿರೋದು ನೆಲದ ಮೇಲಲ್ಲ ಅಂದ್ಕೋ. ತಿರುವಾರೂರಿಗೆ ಹೋಗೋ ಬಸ್ಸಲ್ಲಿ ನಿಂತಿದೀಯ. ಕಾಲು ಅಗಲ ಇಡು. ಮೊಣಕಾಲು ಬಿಗಿ ಹಿಡೀಬೇಡ. ಬಸ್ಸಿನ ಜೊತೆ ಜಗಳ ಆಡ್ಬೇಡ, ಅದು ಹೋದ ಕಡೆ ಸ್ವಲ್ಪ ಹೋಗಿ ವಾಪಸ್ ಬಾ.”

ಹಳೆಯ ವಿಸಿಲ್ ಹುಡುಕಿ ತಂದಿದ್ದಾರೆ. ಎರಡು ಸಲ ಊದಿದರೆ ಹೆಜ್ಜೆ ಇಡಬೇಕು, ಒಂದು ಸಲ ಊದಿದರೆ ನಿಲ್ಲಬೇಕು. ತಿರುವು ಬಂತು ಎನ್ನುತ್ತ ಪಕ್ಕದಲ್ಲೇ ಬರುತ್ತಾರೆ. ಅಡುಗೆಮನೆಯಿಂದ ಹಿತ್ತಲ ಬಾಗಿಲವರೆಗೆ ಹೋದೆ. ಮೂರು ಕಡೆ ಗೋಡೆಗೆ ತಗುಲಿದೆ. ಎದುರುಮನೆಯವರು ಏನಂದುಕೊಂಡರೋ.

ಅಕ್ಟೋಬರ್ ೧೪

ತಂಜಾವೂರಿಗೆ ಹೋಗಿದ್ದೆವು. ಡಾಕ್ಟರ್ ಎಳಿಲರಸಿ ತಮ್ಮ ಬೆರಳನ್ನೂ ನನ್ನ ಮೂಗನ್ನೂ ಒಂದಾದ ಮೇಲೊಂದು ಮುಟ್ಟಲು ಹೇಳಿದರು. ಎಡಗೈ ಸಲೀಸಾಗಿ ಮುಟ್ಟಿತು. ಬಲಗೈ ಹತ್ತಿರ ಬಂದಂತೆಲ್ಲ ನಡುಗಿ, ಮೂಗಿನ ಬದಲು ಕಣ್ಣಿಗೆ ಚುಚ್ಚಿತು. ಕೈಯಲ್ಲಿ ಶಕ್ತಿಗೇನೂ ಕೊರತೆಯಿಲ್ಲ, ಹಾಗಾದರೆ ಇದಕ್ಕೇನಾಗಿದೆ ಎಂದು ಕೇಳಿದೆ.

“ನಿಮ್ಮ ಇನ್‌ಸ್ಟಿಟ್ಯೂಟಲ್ಲಿ ಪೇಪರ್ ತಿದ್ದೋರು ಯಾರಮ್ಮಾ?”

ನಾನೇ ಅಂದೆ.

“ಹಾಗಾದ್ರೆ ನಿಮಗೆ ಬೇಗ ಅರ್ಥ ಆಗುತ್ತೆ. ಕೈಗೆ ಹೋಗು ಅಂತ ಹೇಳೋದು ಮೇಲಿನ ದೊಡ್ಡ ಮೆದುಳು. ಎಲ್ಲಿಗೆ ಹೋಗ್ಬೇಕಿತ್ತು, ಎಲ್ಲಿಗೆ ಹೋಯ್ತು ಅಂತ ಕ್ಷಣಕ್ಷಣಕ್ಕೂ ಹೋಲಿಸಿ ತಿದ್ದೋದು ಹಿಂದಿನ ಕಿರುಮೆದುಳು. ನಿಮ್ಮ ತಲೇಲಿ ತಿದ್ದೋರ ಕುರ್ಚಿ ಬಲಗಡೆ ಅರ್ಧ ಖಾಲಿ ಆಗಿದೆ, ಅಷ್ಟೇ.”

ಮೆದುಳಿನ ಹತ್ತರಲ್ಲೊಂದು ಪಾಲಿನಷ್ಟಿದ್ದರೂ ಇಡೀ ಮೆದುಳಿನ ಅರ್ಧಕ್ಕಿಂತ ಹೆಚ್ಚು ನರಕೋಶಗಳು ಅಲ್ಲೇ ಇವೆಯಂತೆ. ನೋಡದೆ ಟೈಪ್ ಮಾಡುವುದು, ಮಾತಾಡುತ್ತ ನಡೆಯುವುದು, ಸೈಕಲ್ ಹೊಡೆಯುವುದು, ಇವೆಲ್ಲ ರೂಢಿಯಾಗುವುದೂ ಅದರಿಂದಂತೆ. ಕೆಟ್ಟ ಭಾಗ ಮತ್ತೆ ಹುಟ್ಟುವುದಿಲ್ಲ. ಸುತ್ತಲಿನ ಭಾಗಕ್ಕೆ ಆ ಕೆಲಸವನ್ನು ಕಲಿಸಬೇಕು. ಹೇಗೆ ಎಂದು ಕೇಳಿದ್ದಕ್ಕೆ, “ಅದು ಕಲಿಯೋದು ತಪ್ಪಿಂದ ಮಾತ್ರ. ಕೈ ತಪ್ಪಿದ್ರೇನೇ ಅದಕ್ಕೆ ತಿದ್ದೋಕೆ ಏನಾದ್ರೂ ಸಿಗೋದು. ಮನೆಗೆ ಹೋಗಿ ದಿನಕ್ಕೆ ನೂರು ತಪ್ಪು ಮಾಡಿ” ಅಂದರು.

ನನ್ನ ಕ್ಲಾಸಿನಲ್ಲಿ ಯಾರಾದರೂ ಇಂಥ ಮಾತಾಡಿದ್ದರೆ ಹೊರಗೆ ನಿಲ್ಲಿಸುತ್ತಿದ್ದೆ.

ಅಕ್ಟೋಬರ್ ೧೭

ಬಚ್ಚಲಲ್ಲಿ ಬಿದ್ದೆ. ಬರೆಯುವುದಕ್ಕೇನೂ ಇಲ್ಲ.

ಅಕ್ಟೋಬರ್ ೨೪, ದೀಪಾವಳಿ

ಇವರೇ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿದರು. ನೀರು ಕಣ್ಣಿಗೆ ಹೋಯಿತು, ಕಿವಿಗೂ ಹೋಯಿತು. ಏನೂ ಅನ್ನಲಿಲ್ಲ. ಬೈಯಲು ದಣಿವಾಗಿತ್ತು ಅಷ್ಟೆ.

ಹತ್ತು ಗಂಟೆಗೆ ಸೆಲ್ವಮತಿ ಸಣ್ಣ ಮಗಳ ಜೊತೆ ಬೆಲ್ಲದ ಅತಿರಸ ತಂದಳು. ಬಿಡಿ ಮಲ್ಲಿಗೆಯ ಪೊಟ್ಟಣವೂ ಇತ್ತು. ಕೂತವಳು ಹೂ ಕಟ್ಟಲು ಶುರುಮಾಡಿದಳು. ಬಾಳೆನಾರು, ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ಒಂದು ಸುತ್ತು, ಒಂದು ಎಳೆತ. ಇವರ ಜೊತೆ ಬಸ್ಸಿನ ಸಮಯದ ಬಗ್ಗೆ ಮಾತಾಡುತ್ತಿದ್ದಳು, ಮಗಳ ರಿಬ್ಬನ್ ಬಿಚ್ಚಿದ್ದನ್ನು ಗದರುತ್ತಿದ್ದಳು, ಕಣ್ಣು ಒಮ್ಮೆಯೂ ಕೈಗೆ ಬರಲಿಲ್ಲ. ಒಂದು ಗೇಣಿಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಎಲ್ಲಿಯೂ ಸಡಿಲವಿಲ್ಲ, ಒಂದು ಮೊಗ್ಗು ಮುರಿಯಲಿಲ್ಲ.

ಇಷ್ಟು ಚುರುಕಾದ ಬೆರಳುಗಳನ್ನು ನಾನು ಕಂಡಿಲ್ಲ. ನೋಡದೆ, ಒಂದೇ ಲಯದಲ್ಲಿ, ಹತ್ತು ಬೆರಳಿನಲ್ಲೂ ಕೆಲಸ. ಟೈಪಿಂಗಿಗೆ ಬೇಕಾದದ್ದೂ ಅದೇ ತಾನೇ.

ಹಾಗಾದರೆ ನನ್ನ ಮೆಷಿನ್ನಿನ ಮುಂದೆ ಕೂತಾಗ ಆ ಬೆರಳಿಗೆ ಏನಾಗುತ್ತಿತ್ತು?

ಅಕ್ಟೋಬರ್ ೨೬

ಎರಡು ದಿನ ಯೋಚಿಸಿದೆ. ಅವಳು ಟೈಪ್ ಮಾಡುವಾಗ ನಾನು ಸ್ಕೇಲ್ ಹಿಡಿದು ಹಿಂದೆ ನಿಂತಿರುತ್ತಿದ್ದೆ.

ನವೆಂಬರ್ ೩

ಇವತ್ತೊಂದು ವಿಷಯ ಗೊತ್ತಾಯಿತು. ಮೂರು ವಾರದಿಂದ ಬೆಳಗ್ಗೆ ಆರಕ್ಕೆ ಹಾಲಿನಲ್ಲಿ ಮೆಷಿನ್ ಸದ್ದು ಕೇಳುತ್ತಿದೆ. ತಲೆಯೊಳಗಿನ ಸದ್ದೆಂದುಕೊಂಡಿದ್ದೆ, ಹಾಗಾಗಿ ಯಾರಿಗೂ ಹೇಳಿರಲಿಲ್ಲ. ಇವತ್ತು ಗೋಡೆ ಹಿಡಿದುಕೊಂಡು ಹೋಗಿ ನೋಡಿದರೆ ಫೆಬ್ರವರಿ ಪರೀಕ್ಷೆಗೆ ಕಟ್ಟಬೇಕಾದ ಒಂಬತ್ತು ಜನ ಕೂತಿದ್ದಾರೆ. ಗಡಿಯಾರದ ಕೆಳಗೆ ಸೆಲ್ವಮತಿ. ಪಾಠದ ಪುಸ್ತಕ ತೆರೆದು ಕೊಡುವವಳು ಅವಳು, ಹತ್ತು ನಿಮಿಷ ಎಣಿಸುವವಳು ಅವಳು, ರಿಬ್ಬನ್ ಬದಲಿಸುವವಳೂ ಅವಳೇ. ಬೀಗದ ಕೈ ಕೊಟ್ಟವರು ಇವರು.

ಕೋಪ ಬಂತು. ಎರಡು ಸಲ ಫೇಲಾದವಳು ನನ್ನ ಕ್ಲಾಸು ನಡೆಸುವುದೇ ಎಂದು ಕೇಳಿದೆ. ಆ ವಾಕ್ಯ ಪೂರ್ತಿ ಹೊರಬರಲು ಅರ್ಧ ನಿಮಿಷ ಹಿಡಿಯಿತು. ಒಂಬತ್ತು ಜನವೂ ಕೈ ನಿಲ್ಲಿಸಿ ಕಾದರು.

ಸೆಲ್ವಮತಿ ಎದ್ದು ನಿಂತಳು. “ನಾನು ಕಲಿಸ್ತಿಲ್ಲ ಟೀಚರ್. ಅಷ್ಟು ನನಗೆ ಗೊತ್ತಿಲ್ಲ. ನೀವು ಬರೋವರೆಗೂ ಇವರ ಕೈ ತುಕ್ಕು ಹಿಡೀಬಾರದಲ್ಲ. ಒಂಬತ್ತರ ಬಸ್ಸಿಗೆ ನಾನು ಕಚೇರಿಗೆ ಹೋಗ್ಬೇಕು, ಅಲ್ಲೀವರೆಗೆ ಇದ್ದು ಹೋಗ್ತೀನಿ.”

“ನೀನು ಟೈಪ್ ಹೊಡೆಯಲ್ವಾ?”

“ನನ್ನ ಹೆಸರು ಪುಸ್ತಕದಲ್ಲಿ ಇಲ್ವಲ್ಲ ಟೀಚರ್.”

ಅವಳ ಧ್ವನಿಯಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

ನವೆಂಬರ್ ೪

ಹಾಜರಿ ಪುಸ್ತಕ ತರಿಸಿ ಅವಳ ಹೆಸರನ್ನು ಮತ್ತೆ ಬರೆದೆ. ಎರಡು ಸಾಲಿನ ಜಾಗ ಹಿಡಿಯಿತು. ಇನ್ನೂ ಒಂದು ಮಾತು ಹೇಳಬೇಕೆಂದಿದ್ದೆ, ನಾಲಿಗೆ ಹೊರಳಲಿಲ್ಲ. ಕಾಯಿಲೆಯ ನಾಲಿಗೆ ಎಂದು ಬರೆಯಬಹುದು. ಆದರೆ ಇದನ್ನು ಓದುವವಳು ನಾನೊಬ್ಬಳೇ, ನನಗೆ ಗೊತ್ತು.

ನವೆಂಬರ್ ೧೨

ಏಳನೇ ಮೆಷಿನ್ನಿನ ಮುಂದೆ ನನ್ನನ್ನು ಕೂರಿಸಿದ್ದಾರೆ. ಮೊದಲ ದಿನದ ಮಕ್ಕಳ ಪಾಠ, ಎ ಎಸ್ ಡಿ ಎಫ್ ಜಿ ಎಫ್. ಎಡಗೈ ಹೇಳಿದ ಹಾಗೆ ಕೇಳಿತು. ಬಲಗೈ ‘ಜೆ’ಗೆ ಹೋಗೆಂದರೆ ‘ಎಂ’ಗೆ ಹೋಗುತ್ತದೆ, ‘ಕೆ’ ಎಂದರೆ ಎರಡು ಅಚ್ಚು ಒಟ್ಟಿಗೆ ಎದ್ದು ಸಿಕ್ಕಿಕೊಳ್ಳುತ್ತವೆ. ಬಿಡಿಸಲು ಹೋದ ಬೆರಳಿಗೆ ಮಸಿ, ಸೆರಗಿಗೂ ಮಸಿ. ಅರ್ಧ ಪುಟಕ್ಕೆ ಐವತ್ತೆಂಟು ತಪ್ಪು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ಆ ನಗು ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಕಿವಿಯಿಂದ ಇಳಿದು ನೇರ ಬೆರಳಿಗೆ ಹೋಗುತ್ತದೆ. ಮುಂದಿನ ಸಾಲು ಇನ್ನೂ ಕೆಟ್ಟಿತು.

ನವೆಂಬರ್ ೧೯

ಆರೋಗ್ಯಸಾಮಿ ಕೊಟ್ಟ ಮರಳಿನ ಪಟ್ಟಿ ಮಣಿಕಟ್ಟಿಗೆ ಕಟ್ಟಿಕೊಂಡರೆ ನಡುಕ ಸ್ವಲ್ಪ ಕಡಿಮೆ. ನಡೆಯಲು ಇವರು ನೆಲದ ಮೇಲೆ ಸುಣ್ಣದಲ್ಲಿ ಹೆಜ್ಜೆಯ ಗುರುತು ಬರೆದಿದ್ದಾರೆ. ಇವತ್ತು ಹದಿನಾಲ್ಕರಲ್ಲಿ ಒಂಬತ್ತನ್ನು ಸರಿಯಾಗಿ ತುಳಿದೆ. ಇವರು ಒಂದು ವಿಸಿಲ್ ಹೆಚ್ಚಿಗೆ ಊದಿದರು, ಮೆಚ್ಚುಗೆಗೆ.

ಇವರ ಸಾರು ಈಗ ಪರವಾಗಿಲ್ಲ. ಉಪ್ಪಿನ ಹದ ಕಲಿತಿದ್ದಾರೆ.

ಡಿಸೆಂಬರ್ ೨

ಆಸ್ಪತ್ರೆಯಲ್ಲಿ ವ್ಯಾಯಾಮದ ಕೋಣೆಯ ಚಾಪೆಯ ಮೇಲೆ ನನ್ನ ಪಕ್ಕದಲ್ಲಿ ಒಂದು ಹೆಣ್ಣುಕೂಸಿತ್ತು. ಯಾಳಿನಿ ಎಂದು ಹೆಸರು. ಏಳನೇ ತಿಂಗಳಿಗೇ ಹುಟ್ಟಿದ್ದಂತೆ. ವರ್ಷ ದಾಟಿದರೂ ಒರಗು ಕೊಡದಿದ್ದರೆ ಕೂರಲಾರದು. ಅದರ ತಾಯಿ ಪಟ್ಟುಕ್ಕೋಟ್ಟೈಯಿಂದ ವಾರಕ್ಕೆರಡು ಸಲ ಬಸ್ಸಿನಲ್ಲಿ ಎತ್ತಿಕೊಂಡು ಬರುತ್ತಾಳೆ.

ತಾಯಿ ಒಂದು ಕೆಂಪು ಬಳೆಯನ್ನು ಮುಂದೆ ಹಿಡಿದಳು. ಕೂಸು ಕೈ ಚಾಚಿತು. ಬಳೆಯನ್ನು ದಾಟಿ ಮುಂದೆ ಹೋಯಿತು. ಹಿಂದಕ್ಕೆ ಎಳೆದುಕೊಂಡರೆ ತೀರ ಈಚೆಗೆ ಬಂತು. ನನ್ನ ಕೈ ಮಾಡುವುದನ್ನೇ ಅದರ ಕೈಯೂ ಮಾಡುತ್ತಿತ್ತು, ಒಂದಿಷ್ಟೂ ವ್ಯತ್ಯಾಸವಿಲ್ಲದೆ. ನಾನು ಅಭ್ಯಾಸಬಲದಿಂದ ಎಣಿಸಿದೆ. ಹತ್ತೊಂಬತ್ತು ಸಲ ತಪ್ಪಿತು. ಪ್ರತಿ ಸಲವೂ ತಾಯಿ ಚಪ್ಪಾಳೆ ತಟ್ಟಿದಳು, ಪ್ರತಿ ಸಲವೂ ಕೂಸು ನಕ್ಕಿತು. ಇಪ್ಪತ್ತನೇ ಸಲ ಬಳೆ ಅದರ ಮುಷ್ಟಿಯಲ್ಲಿತ್ತು.

ತಪ್ಪಿದ್ದಕ್ಕೆ ಯಾಕೆ ಚಪ್ಪಾಳೆ ಎಂದು ಕೇಳಿದೆ.

“ಇಲ್ಲಾಂದ್ರೆ ಅದು ಕೈ ಚಾಚೋದನ್ನೇ ಬಿಟ್ಬಿಡುತ್ತೆ ಅಕ್ಕಾ. ಮೊದ್ಲು ನಾನೂ ಅಯ್ಯೋ ಅಂತಿದ್ದೆ. ನನ್ನ ಮುಖ ನೋಡಿ ಕೈ ಮಡಚ್ಕೊಂಡು ಮಲಗ್ತಿತ್ತು.”

ಆರೋಗ್ಯಸಾಮಿ ಹೇಳಿದ್ದು: ಕಿರುಮೆದುಳು ದಿಢೀರನೆ ಬೆಳೆಯುವುದು ಬಸಿರಿನ ಕೊನೆಯ ಮೂರು ತಿಂಗಳು ಮತ್ತು ಹುಟ್ಟಿದ ಮೊದಲ ವರ್ಷದಲ್ಲಿ. ಈ ಕೂಸು ಆ ಮೂರು ತಿಂಗಳನ್ನು ಹೊಟ್ಟೆಯಲ್ಲಿ ಕಳೆಯಲೇ ಇಲ್ಲ. ಒಳಗೆ ಆಗಬೇಕಾಗಿದ್ದ ಕೆಲಸದಲ್ಲಿ ಒಂದಿಷ್ಟನ್ನು ಈಗ ಈ ಚಾಪೆಯ ಮೇಲೆ ಮಾಡಬೇಕು. ಎಲ್ಲ ಮಕ್ಕಳೂ ಬಿದ್ದು, ತಪ್ಪಿ, ತಡಕಾಡಿಯೇ ಅದನ್ನು ಬೆಳೆಸಿಕೊಳ್ಳುವುದು. ಇದಕ್ಕೆ ಸ್ವಲ್ಪ ಹೆಚ್ಚು ದಿನ.

ಹೊರಡುವಾಗ ಕೂಸು ಬಳೆಯನ್ನು ನನ್ನ ಕಡೆ ಚಾಚಿತು. ನನ್ನ ಕೈ ಮುಂದೆ ಹೋಯಿತು, ಅದರ ಕೈ ಹಿಂದೆ ಹೋಯಿತು. ಬಳೆ ಕೆಳಗೆ ಬಿತ್ತು. ಇಬ್ಬರೂ ನಕ್ಕೆವು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ. ಇವರು ಕರವಸ್ತ್ರ ಕೊಟ್ಟರು.

ಡಿಸೆಂಬರ್ ೧೧

ಬೆಳಗಿನ ಕ್ಲಾಸಿಗೆ ಈಗ ನಾನೇ ಹೋಗುತ್ತೇನೆ. ಸೆಲ್ವಮತಿಯ ಹಿಂದೆ ನಿಂತುಕೊಳ್ಳುವುದಿಲ್ಲ, ನಿಲ್ಲಲು ಆಗುವುದೂ ಇಲ್ಲ. ಏಳನೇ ಮೆಷಿನ್ ನನ್ನದು, ಆರನೆಯದು ಅವಳದ್ದು. ಒಂದೇ ಪಾಠವನ್ನು ಇಬ್ಬರೂ ಹೊಡೆಯುತ್ತೇವೆ. ಅವಳು ಪ್ರತಿ ತಪ್ಪಿಗೂ ನಿಂತು ನನ್ನ ಮುಖ ನೋಡುತ್ತಾಳೆ. ನನ್ನ ಪುಟವನ್ನು ತೋರಿಸಿದೆ. ಅವಳದ್ದರಲ್ಲಿ ಇಪ್ಪತ್ತಾರು, ನನ್ನದರಲ್ಲಿ ಮೂವತ್ತೊಂಬತ್ತು.

“ಟೀಚರ್, ನಾನು ಗೆದ್ದೆ” ಅಂದಳು. ಅಂದು ತಾನೇ ಹೆದರಿ ಬಾಯಿ ಮುಚ್ಚಿಕೊಂಡಳು.

ಇವಳು ತಮಾಷೆ ಮಾಡುತ್ತಾಳೆಂದು ಇಷ್ಟು ದಿನ ಗೊತ್ತೇ ಇರಲಿಲ್ಲ.

ಡಿಸೆಂಬರ್ ೨೦

ಅವಳಿಗೆ ಹೇಳಿದೆ, ತಪ್ಪಾದರೆ ನಿಲ್ಲಬೇಡ, ಮುಂದಿನ ಅಕ್ಷರಕ್ಕೆ ಹೋಗು, ಪುಟ ಮುಗಿಯುವವರೆಗೆ ಯಾರೂ ಎಣಿಸುವುದಿಲ್ಲ. ಕೈಯ ಮೇಲೆ ಬಟ್ಟೆ ಮುಚ್ಚಿದೆ. ಹೂ ಕಟ್ಟುವಾಗ ಮಾಡುವ ಹಾಗೆ ಮಾತಾಡುತ್ತ ಹೊಡಿ ಅಂದೆ. ಕ್ಲಾಸಿನಲ್ಲಿ ಮಾತಾಡಬಾರದೆಂಬ ಬೋರ್ಡು ನನ್ನದೇ. ಏನು ಮಾತಾಡಲಿ ಎಂದಳು. ನಿನ್ನ ಕಚೇರಿಯ ವಿಷಯ ಹೇಳು ಅಂದೆ. ಹೊಸ ಹೆಡ್‌ಕ್ಲಾರ್ಕಿನ ಗೊರಕೆಯ ಬಗ್ಗೆ ಹೇಳುತ್ತ ಒಂದು ಪುಟ ಮುಗಿಸಿದಳು. ಹನ್ನೊಂದು ತಪ್ಪು. ಅವಳು ಪುಟವನ್ನು ಎರಡು ಸಲ ತಿರುವಿ ನೋಡಿದಳು, ಯಾರದೋ ಪುಟ ಎಂಬಂತೆ.

ಇವರು ಲೋಟದ ಮೇಲೆ ಚಮಚದಿಂದ ತಾಳ ಹಾಕಿ ಕೊಡುತ್ತಾರೆ. ಆ ತಾಳಕ್ಕೆ ನನ್ನ ಬಲಗೈಯೂ ಸ್ವಲ್ಪ ಹೊಂದಿಕೊಳ್ಳುತ್ತಿದೆ. ತಾಳವಿಲ್ಲದಿದ್ದರೆ ಚದುರುತ್ತದೆ.

ಜನವರಿ ೧೫, ೨೦೦೪, ಪೊಂಗಲ್

ಹಾಲು ಉಕ್ಕಿತು. ಪೊಂಗಲಿಗೆ ಉಕ್ಕಿದರೇ ಶುಭ, ಈ ಸಲ ಉಕ್ಕಿದ್ದಕ್ಕೆ ಇವರು ವಿ‌ಸಿಲ್ ಊದಿದರು. ಬಾಗಿಲ ಮುಂದೆ ರಂಗೋಲಿ ಬರೆಯಲು ಕೂತೆ. ಪ್ರತಿ ವರ್ಷ ಇಪ್ಪತ್ತೊಂದು ಚುಕ್ಕಿಯದ್ದು ಬರೆಯುತ್ತಿದ್ದೆ. ಇವತ್ತು ಐದು ಚುಕ್ಕಿ. ಗೆರೆಗಳು ಎಲ್ಲೆಲ್ಲೋ ಹೋದವು. ಎದುರುಮನೆಯಾಕೆ ಬಂದು, ನವಿಲು ಚೆನ್ನಾಗಿದೆ ಅಂದಳು. ಬರೆದದ್ದು ಕಮಲ. ಹೌದು, ನವಿಲೇ ಅಂದೆ.

ಕೂತು ಯೋಚಿಸಿದರೆ ಈ ನಾಲ್ಕು ತಿಂಗಳಲ್ಲಿ ನನಗೆ ಎಷ್ಟು ಜನ ಏನೇನು ಮಾಡಿದ್ದಾರೆ. ಯಾರಿಗೂ ಬಾಯಿಬಿಟ್ಟು ಹೇಳಿಲ್ಲ. ಸೆಲ್ವಮತಿಗಂತೂ ಹೇಳಬೇಕಾದ್ದು ಬೇರೆಯೇ ಇದೆ. ಅವಳು ಬಂದು ಕಬ್ಬು ಕೊಟ್ಟು ಹೋದಳು. ಬಾಯಿ ತೆರೆದೆ. ಮಕ್ಕಳಿಬ್ಬರೂ ಜೊತೆಗಿದ್ದರು. ಕಬ್ಬು ಸಿಹಿಯಿದೆ ಎಂದು ಹೇಳಿ ಮುಗಿಸಿದೆ.

ಫೆಬ್ರವರಿ ೬

ಈ ವರ್ಷದ ಬ್ಯಾಚು ಒಳ್ಳೆಯದು. ಹಿಂದಿನ ವರ್ಷಗಳ ಮಕ್ಕಳು ನನ್ನನ್ನು ಕಂಡರೆ ಬೆವರುತ್ತಿದ್ದರು, ಈ ಮಕ್ಕಳಿಗೆ ಹಾಗೇನಿಲ್ಲ. ಏನು ಕೇಳಬೇಕಿದ್ದರೂ ಕೇಳುತ್ತಾರೆ. ಪೀಳಿಗೆಯೇ ಬೇರೆ ಇರಬೇಕು. ಆರೋಗ್ಯಸಾಮಿಯೂ ಈಗ ಸೌಮ್ಯವಾಗಿದ್ದಾನೆ, ಮೊದಲು ಬಹಳ ಸೊಕ್ಕಿನವನಾಗಿದ್ದ.

ಫೆಬ್ರವರಿ ೨೮

ಪರೀಕ್ಷೆ ಮುಗಿಯಿತು.

ಪರೀಕ್ಷೆಗೆ ಒಯ್ಯಲು ಬೆಳಗ್ಗೆ ಐದೂವರೆಗೆ ಮೆಷಿನ್‌ಗಳನ್ನು ವ್ಯಾನಿಗೇರಿಸಿದರು. ಪರೀಕ್ಷೆ ನಡೆಯುವ ಪಾಲಿಟೆಕ್ನಿಕ್ಕಿನ ಗೇಟಿನಿಂದ ಹಾಲಿನವರೆಗೆ ನಾನೇ ನಡೆದೆ. ಕಾಲು ಅಗಲ, ಮೊಣಕಾಲು ಸಡಿಲ. ಸೆಲ್ವಮತಿಯ ಕೈ ತಣ್ಣಗಿತ್ತು. ಅವಳಿಗೆ ಹೇಳಲು ಒಂದು ಮಾತು ಸಿದ್ಧ ಮಾಡಿಕೊಂಡು ಹೋಗಿದ್ದೆ, ಗಂಟೆ ಹೊಡೆಯಿತು. “ಹೆಡ್‌ಕ್ಲಾರ್ಕನ್ನ ನೆನಪಿಸ್ಕೋ” ಎಂದಷ್ಟೇ ಹೇಳಿದೆ. ನಗುತ್ತ ಒಳಗೆ ಹೋದಳು.

ಹೊರಗೆ ಬೇವಿನ ಮರದಡಿ ಇವರ ಜೊತೆ ಕೂತೆ. ನಲವತ್ತು ಮೆಷಿನ್‌ಗಳು ಒಟ್ಟಿಗೆ ಶುರುವಾದವು. ಹತ್ತು ನಿಮಿಷ. ಆ ಸದ್ದು ಎಷ್ಟು ಚೆನ್ನಾಗಿರುತ್ತದೆಂದು ನಾನು ಯಾವತ್ತಾದರೂ ಕೂತು ಕೇಳಿದ್ದೆನೇ?

ಮೇ ೫

ಸೆಲ್ವಮತಿ ಪಾಸು. ಸೆಕೆಂಡ್ ಕ್ಲಾಸು. ಉಳಿದ ಒಂಬತ್ತರಲ್ಲಿ ಎಂಟು ಜನ ಪಾಸು. ಫೇಲಾದ ಹುಡುಗ ಅಳುತ್ತ ಬಂದ. ಪಕ್ಕದಲ್ಲಿ ಕೂರಿಸಿಕೊಂಡು ಇವರ ಕೈಲಿ ಕಾಫಿ ಮಾಡಿಸಿ ಕೊಟ್ಟೆ. ಆಗಸ್ಟಿಗೆ ಕಟ್ಟುತ್ತಾನೆ.

ಅವಳು ಸಿಹಿ ತರುತ್ತಾಳೆ, ಆಗ ಹೇಳೋಣವೆಂದು ಕಾದೆ. ಕೆಲಸ ಖಾಯಮಾಗುವ ಓಡಾಟದಲ್ಲಿ ಅವಳಿಗೆ ಪುರುಸೊತ್ತಿಲ್ಲ, ದೊಡ್ಡ ಮಗಳ ಕೈಲಿ ಕಳಿಸಿದ್ದಳು.

ಜೂನ್ ೧೬, ಬುಧವಾರ

ಇವತ್ತು ನಾನೊಬ್ಬಳೇ ನೀಡಾಮಂಗಲಕ್ಕೆ ಹೋಗಿದ್ದೆ. ಇವರು ಬರುತ್ತೇನೆಂದರು, ಬೇಡವೆಂದೆ. ಬಸ್ಸಿನವರೆಗೆ ಬಂದು, ಆ ಕಂಡಕ್ಟರಿಗೆ ಏನೇನೋ ಹೇಳಿ ಹತ್ತಿಸಿದರು.

ತಾಲೂಕು ಕಚೇರಿಯ ವರಾಂಡದಲ್ಲಿ ಜನ ತುಂಬಿದ್ದರು. ಬೆಂಚಿನ ತುದಿಯಲ್ಲಿ ಜಾಗ ಸಿಕ್ಕಿತು. ಕಿಟಕಿಯಾಚೆ ಸೆಲ್ವಮತಿ ಕಾಣುತ್ತಿದ್ದಳು. ಕಣ್ಣು ಎಡಗಡೆಯ ಕಾಗದದ ಮೇಲೆ, ಬೆನ್ನು ನೆಟ್ಟಗೆ, ಬೆರಳುಗಳು ತಮ್ಮ ಪಾಡಿಗೆ ತಾವು ಹೋಗುತ್ತಿದ್ದವು. ಒಬ್ಬ ಮುದುಕ ಅವಳ ಮೇಜಿನ ಮುಂದೆ ನಿಂತು ಪಿಂಚಣಿಯ ಅರ್ಜಿಯಲ್ಲಿ ತನ್ನ ಹೆಸರು ತಪ್ಪಾಗಿದೆಯೆಂದು ವಾದಿಸುತ್ತಿದ್ದ. ಅವನಿಗೆ ಉತ್ತರ ಕೊಡುತ್ತಲೇ ಸಾಲು ಮುಗಿಸಿದಳು. ನಡುವೆ ಒಂದು ಅಕ್ಷರ ತಪ್ಪಿತು, ಸದ್ದಿನಲ್ಲೇ ಗೊತ್ತಾಯಿತು. ಅವಳು ನಿಲ್ಲಲಿಲ್ಲ, ಬೆಚ್ಚಲಿಲ್ಲ. ಕೊನೆಗೆ ಹಿಂದೆ ಬಂದು ತಿದ್ದಿ, ಕಾಗದ ಎಳೆದು ಮುದುಕನಿಗೆ ಓದಿ ಹೇಳಿದಳು.

ಜವಾನ ಬಂದು ಯಾವ ಅರ್ಜಿ ಅಮ್ಮಾ ಎಂದು ಕೇಳಿದ. ಅರ್ಜಿಯೇನೂ ಇಲ್ಲ ಎಂದೆ. ಮುಕ್ಕಾಲು ಗಂಟೆ ಹಾಗೇ ಕೂತಿದ್ದೆ. ಊಟದ ಗಂಟೆಯಾದಾಗ ಅವಳು ತಲೆಯೆತ್ತಿದಳು, ನನ್ನನ್ನು ಕಂಡಳು, ಕುರ್ಚಿ ತಳ್ಳಿ ಓಡಿಬಂದಳು. ಅವಳ ಹಿಂದೆ ಕಚೇರಿಯವರು ನಾಲ್ಕೈದು ಮಂದಿ ಬಂದರು. ಇವರೇ ನನ್ನ ಟೀಚರ್ ಎಂದು ಎಲ್ಲರಿಗೂ ತೋರಿಸಿದಳು. ಹೆಡ್‌ಕ್ಲಾರ್ಕ್ ಕೈಮುಗಿದು, ಚೆನ್ನಾಗಿ ತಯಾರು ಮಾಡಿದ್ದೀರಿ ಎಂದರು.

ನಾನು ಎದ್ದು ನಿಂತೆ. ಕಂಬ ಹಿಡಿಯಲಿಲ್ಲ. ಮಾತು ಮೊದಲಿನಷ್ಟಲ್ಲದಿದ್ದರೂ ಇನ್ನೂ ತುಂಡಾಗಿಯೇ ಬರುತ್ತದೆ, ಅದಕ್ಕೆ ಒಂದೊಂದು ಪದವನ್ನೂ ನಿಧಾನವಾಗಿ ಹೇಳಿದೆ.

“ಸಾರ್, ಹೋದ ಜುಲೈಯಲ್ಲಿ ನಾನು ಇವಳಿಗೆ, ಈ ಬೆರಳು ಟೈಪಿಂಗಿಗಲ್ಲ ಅಂದಿದ್ದೆ. ಹತ್ತು ಜನರ ಮುಂದೆ ಅಂದಿದ್ದೆ. ಅದು ತಪ್ಪು. ಇಲ್ಲೂ ಹತ್ತು ಜನ ಇದ್ದೀರಿ, ಅದಕ್ಕೇ ಇಲ್ಲಿ ಹೇಳ್ತಿದೀನಿ. ತಪ್ಪು ಇವಳ ಬೆರಳಲ್ಲಿ ಇರಲಿಲ್ಲ.”

ಅರ್ಜಿಯ ಮುದುಕ ಏನಾಯಿತೆಂದು ಪಕ್ಕದವನನ್ನು ಕೇಳಿದ. ಸೆಲ್ವಮತಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ನನ್ನ ಬಲಗೈ ಹಿಡಿದಳು.

“ಟೀಚರ್, ಊಟಕ್ಕೆ ಇಲ್ಲಿ ಅರ್ಧ ಗಂಟೆ ಅಷ್ಟೇ ಬಿಡೋದು. ಅದರಲ್ಲಿ ಹತ್ತು ನಿಮಿಷ ನೀವೇ ಮಾತಾಡಿ ಮುಗಿಸಿದ್ರಿ. ಬನ್ನಿ, ಕೈ ತೊಳ್ಕೊಳ್ಳಿ.”

ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿ. ಅವಳ ಮೇಜಿನ ಮೇಲೆಯೇ, ಮೆಷಿನ್ ಪಕ್ಕಕ್ಕೆ ಸರಿಸಿ, ಒಂದೇ ಡಬ್ಬಿಯಿಂದ ಇಬ್ಬರೂ ತಿಂದೆವು.